ನ್ಯೂಟ್ರಿನೊ ದ್ರವ್ಯರಾಶಿ ಸೊನ್ನೆಯಲ್ಲ, ಗೈಡ್ ತಿದ್ದಿ

ಮಾನ್ಯ ಸಂಪಾದಕರೇ,

ಪಕ್ಕದ ಮನೆಯ ಹುಡುಗಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ಏನೋ ಕೇಳಲು ಗೈಡ್ ಹಿಡಿದುಕೊಂಡು ಬಂದಳು. ಬೀಟಾ ಕ್ಷಯದ, ಅಂದರೆ ಪರಮಾಣುವಿನ ಬೀಜ ಎಲೆಕ್ಟ್ರಾನನ್ನು ಹೊರಹಾಕಿ ಬದಲಾಗುವ ಕ್ರಿಯೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ನ್ಯೂಟ್ರಿನೊದ ದ್ರವ್ಯರಾಶಿ ಸೊನ್ನೆ' ಎಂದಿತ್ತು. ನ್ಯೂಟ್ರಿನೊ ಅಂದರೆ ಆಗ ಜೊತೆಗೇ ಹೊರಬೀಳುವ, ವಿದ್ಯುದಾವೇಶವಿಲ್ಲದ ಪುಟ್ಟ ಕಣ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೇ ಪಾಠ ಮಾಡಿದ್ದೆ. ಆದರೆ ಆ ಮಾತು 1998ರಲ್ಲೇ ಬಿದ್ದುಹೋಯಿತು.

ನ್ಯೂಟ್ರಿನೊಗಳಲ್ಲಿ ಮೂರು ಜಾತಿ. ಜಪಾನಿನ ಸೂಪರ್ ಕಾಮಿಯೊಕಾಂಡೆ ಎಂಬ ನೆಲದಡಿಯ ಪತ್ತೆ ಕೇಂದ್ರದಲ್ಲಿ, ವಾತಾವರಣದಲ್ಲಿ ಹುಟ್ಟಿದ ಮ್ಯೂಆನ್ ಜಾತಿಯ ನ್ಯೂಟ್ರಿನೊಗಳನ್ನು ಎಣಿಸುತ್ತಿದ್ದರು. ತಲೆಯ ಮೇಲಿಂದ ಬಂದವು ಲೆಕ್ಕಕ್ಕೆ ಸರಿಯಾಗಿದ್ದವು. ಭೂಮಿಯ ಆಚೆ ಬದಿಯಿಂದ ಸುಮಾರು 13,000 ಕಿ.ಮೀ. ತೂರಿಕೊಂಡು ಬಂದವು ಮಾತ್ರ ಹೆಚ್ಚುಕಡಿಮೆ ಅರ್ಧದಷ್ಟೇ ಇದ್ದವು. ಉಳಿದವು ದಾರಿಯಲ್ಲೇ ಬೇರೆ ಜಾತಿಗೆ ಬದಲಾಗಿದ್ದವು. ಕೆನಡಾದ ಸಡ್ಬರಿ ಗಣಿಯಲ್ಲಿ 1,000 ಟನ್ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಇಟ್ಟು ಸೂರ್ಯನ ನ್ಯೂಟ್ರಿನೊ ಎಣಿಸಿದವರೂ ಇದನ್ನೇ ಕಂಡರು. 2015ರ ನೊಬೆಲ್ ಬಂದದ್ದು ಇದಕ್ಕೇ.

'ಬದಲಾದ್ರೆ ದ್ರವ್ಯರಾಶಿ ಯಾಕಿರಬೇಕು ಸಾರ್?' ಅಂದಳು. ಕೇಳಬೇಕಾದ ಪ್ರಶ್ನೆಯೇ. ಅಟ್ಟದಿಂದ ಒಂದೇ ಶ್ರುತಿಯ ಎರಡು ಟ್ಯೂನಿಂಗ್ ಫೋರ್ಕ್ ಇಳಿಸಿದೆ. ಎರಡನ್ನೂ ಬಡಿದಾಗ ಒಂದೇ ಸಮನೆ ನಾದ. ಒಂದರ ಕವಲಿಗೆ ಚೂರು ಮೇಣ ಮೆತ್ತಿ ಮತ್ತೆ ಬಡಿದೆ. ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ವ್ಯತ್ಯಾಸ ಇದ್ದರೆ ಮಾತ್ರ ಈ ಏರಿಳಿತ. ನ್ಯೂಟ್ರಿನೊದ ಒಂದೊಂದು ಜಾತಿಯೂ ಮೂರು ದ್ರವ್ಯರಾಶಿಗಳ ಬೆರಕೆ. ಮೂರೂ ಸೊನ್ನೆಯಾಗಿದ್ದರೆ ನಡುವೆ ವ್ಯತ್ಯಾಸವೇ ಇರದೆ, ಮೇಣ ಮೆತ್ತದ ಫೋರ್ಕುಗಳಂತೆ ಏರಿಳಿತವೂ ಇರದೆ, ಅವು ಹೀಗೆ ಜಾತಿ ಬದಲಿಸುತ್ತಲೇ ಇರಲಿಲ್ಲ. ಕನಿಷ್ಠ ಎರಡಾದರೂ ಸೊನ್ನೆಗಿಂತ ಜಾಸ್ತಿ ಇರಲೇಬೇಕು. ಆದರೆ ಏರಿಳಿತದಿಂದ ಸಿಗುವುದು ವ್ಯತ್ಯಾಸ ಅಷ್ಟೇ, ಪೂರ್ತಿ ದ್ರವ್ಯರಾಶಿಯಲ್ಲ. ಅದನ್ನು ಅಳೆಯಲು ಹೊರಟ ಜರ್ಮನಿಯ ಕ್ಯಾಟ್ರಿನ್ ಪ್ರಯೋಗ ಹಾಕಿರುವ ಮೇಲಿನ ಮಿತಿ 0.45 ಎಲೆಕ್ಟ್ರಾನ್ ವೋಲ್ಟ್ (ಇಂಥ ಪುಟ್ಟ ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಏಕಮಾನ). ಅಂದರೆ ಎಲೆಕ್ಟ್ರಾನಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ.

ನಮ್ಮ ಊರಿನವರಂತೂ ಈ ತಪ್ಪನ್ನು ಸುಮ್ನೆ ಬಿಡಬಾರದು. ಇದೇ ವಾತಾವರಣದ ನ್ಯೂಟ್ರಿನೊಗಳನ್ನು 1965ರಲ್ಲಿ ಜಗತ್ತಿನಲ್ಲೇ ಮೊದಮೊದಲು ಹಿಡಿದದ್ದು ಪಕ್ಕದ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯ ಎರಡು ಕಿ.ಮೀ.ಗೂ ಕೆಳಗೆ. ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಆ ವರ್ಷವೇ ಸಿಕ್ಕವು. ಆ ಗಣಿಯ ಕೂಗಳತೆಯಲ್ಲಿ ಬೆಳೆದ ಮಕ್ಕಳು ಈಗಲೂ 'ಸೊನ್ನೆ' ಎಂದು ಬಾಯಿಪಾಠ ಮಾಡುತ್ತಿದ್ದಾರೆ.

ಗೈಡ್ ಬರೆಯುವವರು ಮುಂದಿನ ಮುದ್ರಣದಲ್ಲಿ 'ತೀರಾ ಕಡಿಮೆ, ಆದರೆ ಸೊನ್ನೆಯಲ್ಲ' ಎಂದು ತಿದ್ದಲಿ. ಹುಡುಗಿ ಹೋಗುವಾಗ ಬಾಗಿಲಲ್ಲಿ ನಿಂತು, 'ಹೀಗೆ ಬರೆದ್ರೆ ಮಾರ್ಕ್ಸ್ ಹೋಗಲ್ಲ ಅಲ್ವಾ ಸಾರ್?' ಎಂದು ಕೇಳಿದಳು. ಮೌಲ್ಯಮಾಪನಕ್ಕೆ ಕೂರುವ ಉಪನ್ಯಾಸಕ ಮಿತ್ರರು ದಯವಿಟ್ಟು ಅವಳಿಗೆ ಉತ್ತರ ಕೊಡಬೇಕು.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಬಂಗಾರಪೇಟೆ