ಮಕ್ಕಳ ಪುಟದಲ್ಲಿ ಪಿನ್‌ಕೋಡ್ ಒಡೆಯಲು ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಮಕ್ಕಳ ಪುಟದಲ್ಲಿ ಬಣ್ಣ ತುಂಬುವ ಚಿತ್ರವಿದೆ, ಪದಬಂಧವಿದೆ. ಗಣಿತಕ್ಕೂ ಒಂದು ಮೂಲೆ ಕೊಡಿ. ಅದಕ್ಕೆ ಹೊಸದೇನೂ ಹುಡುಕಬೇಕಿಲ್ಲ, ವಾರಕ್ಕೊಂದು ಊರಿನ ಪಿನ್‌ಕೋಡ್ ಸಾಕು. ಯಾವ ಯಾವ ಸಂಖ್ಯೆಗಳನ್ನು ಗುಣಿಸಿದರೆ ಅದು ಬರುತ್ತದೆ ಎಂದು ಮಕ್ಕಳು ಒಡೆದು ನೋಡಲಿ.

ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಚೆ ಕೆಲಸ ಮಾಡುತ್ತೇನೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಗಳು ದಿನಾ ಕಣ್ಣ ಮುಂದೆಯೇ ಇರುತ್ತವೆ. ಮಳೆಗಾಲದಲ್ಲಿ ಬಸ್ಸು ತಡವಾದರೆ ಶಾಲೆ ಮಕ್ಕಳು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಕರೆಂಟ್ ಇರುವುದಿಲ್ಲ, ಸಿಗ್ನಲ್ಲೂ ಇರುವುದಿಲ್ಲ. ಹಾಗೆ ಸುಮ್ನೆ ಕೂತಿದ್ದವರಿಗೆ ಒಮ್ಮೆ ಶಿವಮೊಗ್ಗದ 577201 ಬರೆದುಕೊಟ್ಟೆ. ಇದು ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆ ನೋಡಿ ಅಂದೆ.

ಸಮಸಂಖ್ಯೆ ಅಲ್ಲ, ಕೊನೆಯಲ್ಲಿ 5 ಇಲ್ಲ. ಅಂಕಿಗಳನ್ನು ಕೂಡಿದರೆ 22, ಹಾಗಾಗಿ 3 ಕೂಡ ಇಲ್ಲ. 7ರಿಂದ ಭಾಗಿಸಿದರೆ 2 ಉಳಿಯಿತು. ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿದರೆ 12 ಮತ್ತು 10. 11ರಿಂದ ಭಾಗವಾಗಲು ಇವುಗಳ ವ್ಯತ್ಯಾಸ 0 ಅಥವಾ 11ರ ಗುಣಕ ಆಗಬೇಕು; 2 ಬಂದದ್ದರಿಂದ 11 ಕೂಡ ಹೋಯಿತು. 13ಕ್ಕೆ ಶೇಷ ಬರೀ 1! ಇದು ಅವಿಭಾಜ್ಯವೇ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆ) ಇರಬೇಕು ಎಂದು ಒಬ್ಬಳು ಪೆನ್ಸಿಲ್ ಕೆಳಗಿಟ್ಟಳು. ಪಕ್ಕದವನು ಬಿಡಲಿಲ್ಲ. 17ರಿಂದ ಸರಿಯಾಗಿ ಭಾಗವಾಗಿ 33953 ಬಂತು. ಅದನ್ನು 19ರಿಂದ ಭಾಗಿಸಿದರೆ 1787. 17 ಮತ್ತು 19 ಅವಳಿ ಅವಿಭಾಜ್ಯಗಳು, ಅಂದರೆ ನಡುವೆ ಎರಡೇ ಅಂತರವಿರುವ ಅವಿಭಾಜ್ಯಗಳು. ನಮ್ಮ ಜಿಲ್ಲಾ ಕೇಂದ್ರದ ಸಂಖ್ಯೆಯೊಳಗೆ ಅವೆರಡೂ ಇವೆ ಎಂದು ಕಂಡಾಗ ನನಗೇ ಮೈ ಜುಮ್ಮೆಂದಿತು.

1787 ಇನ್ನೂ ಒಡೆಯುತ್ತದೆಯೇ? ಅದಕ್ಕೆ ಕೊನೆಯಿಲ್ಲದೆ ಭಾಗಿಸುತ್ತಾ ಹೋಗಬೇಕಿಲ್ಲ. 43ನ್ನು 43ರಿಂದಲೇ ಗುಣಿಸಿದರೆ 1849, ಆಗಲೇ ದಾಟಿತು. ಒಡೆಯುವುದಾದರೆ 43ಕ್ಕಿಂತ ಚಿಕ್ಕ ಅವಿಭಾಜ್ಯವೊಂದು ಅದನ್ನು ಭಾಗಿಸಲೇಬೇಕು. 41ರವರೆಗಿನ ಅವಿಭಾಜ್ಯಗಳನ್ನೆಲ್ಲ ನೋಡಿದರು. ಒಂದೂ ಹೊಂದಲಿಲ್ಲ. 1787 ಅವಿಭಾಜ್ಯ.

17, 19, 1787 ಗುಣಿಸಲು ಎರಡು ನಿಮಿಷ ಸಾಕು. ಒಡೆಯುವುದಕ್ಕೆ ಬಸ್ಸು ಬರುವವರೆಗೂ ಬೇಕಾಯಿತು. ಇಂಟರ್‌ನೆಟ್ಟಿನಲ್ಲಿ ಗುಟ್ಟು ಕಾಯುವ, 1977ರ ಆರ್‌ಎಸ್‌ಎ ವಿಧಾನ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಅಲ್ಲಿನ ಸಂಖ್ಯೆಗಳಿಗೆ ನೂರಾರು ಅಂಕಿ. 250 ಅಂಕಿಗಳ ಒಂದು ಸಂಖ್ಯೆ ಒಡೆದದ್ದು 2020ರಲ್ಲಿ, ಅದೂ ಕಂಪ್ಯೂಟರ್‌ಗಳ ದೊಡ್ಡ ದಂಡು ಕಟ್ಟಿಕೊಂಡು.

ಕೈಲೆಕ್ಕವನ್ನು ಕಡೆಗಣಿಸಬೇಡಿ. 4,29,49,67,297 ಅವಿಭಾಜ್ಯ ಎಂದು ಫರ್ಮಾರಂಥ ಗಣಿತಜ್ಞರೇ ನಂಬಿದ್ದರು. ಅದು 641ರಿಂದ ಭಾಗವಾಗುತ್ತದೆ ಎಂದು ಆಯ್ಲರ್ 1732ರಲ್ಲಿ ತೋರಿಸಿದರು. ಆಗ ಕಂಪ್ಯೂಟರ್ ಎಲ್ಲಿತ್ತು? ಮಲೆನಾಡಿನ ಮಕ್ಕಳಿಗೆ ಕೋಚಿಂಗ್ ಇಲ್ಲ, ನೆಟ್‌ವರ್ಕ್ ಇಲ್ಲ ಎನ್ನುವವರು ಜಾಸ್ತಿ. ಕಾಗದ, ಪೆನ್ಸಿಲ್ ಇದೆ ಅಲ್ವಾ?

ದಯವಿಟ್ಟು ಕ್ಯಾಲ್ಕುಲೇಟರ್ ಬಳಸಬಾರದು ಎಂಬ ಷರತ್ತು ಹಾಕಿ. ಉತ್ತರವನ್ನು ಮುಂದಿನ ವಾರ ಕೊಡಿ, ಸರಿಯಾಗಿ ಬಿಡಿಸಿದವರ ಹೆಸರು, ಊರು ಹಾಕಿ. ಮೊದಲ ವಾರಕ್ಕೆ ನಮ್ಮ ಸಾಗರದ 577401 ಇರಲಿ. 3ರಿಂದಲೂ 11ರಿಂದಲೂ ಭಾಗವಾಗುತ್ತದೆ ಎಂಬಷ್ಟು ಸುಳಿವು ಕೊಡಬಹುದು. ಆಮೇಲೆ ಉಳಿಯುವ 17497 ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಮಕ್ಕಳೇ ಹೇಳಲಿ.

– ಒಬ್ಬ ಅಂಚೆ ನೌಕರ, ಸಾಗರ ತಾಲ್ಲೂಕು