ಮುರಿದ ಕಾಲಿನ ಮುಂದೆ ಅನುಮಾನ ಯಾಕೆ, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ,

ವಿರಾಜಪೇಟೆ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ ಬರೆಯುತ್ತಿದ್ದೇನೆ. ಕಳೆದ ಮೆಣಸು ಕೊಯ್ಲಿನಲ್ಲಿ ನನ್ನ ತಮ್ಮ ಏಣಿಯಿಂದ ಬಿದ್ದ. ತೊಡೆಯ ಮೂಳೆ ಮುರಿಯಿತು.

ಹಿಂದೆ ಅವನಿಗೆ ನೋವಿನ ಮಾತ್ರೆಯ ಚಟ ಹತ್ತಿತ್ತು. ಬೀಳುವ ಹೊತ್ತಿಗೆ ದಿನಾ ನಾಲಿಗೆ ಅಡಿ ಬುಪ್ರೆನಾರ್ಫಿನ್ ಅನ್ನುವ ಚಟ ಬಿಡಿಸುವ ಮಾತ್ರೆ ಇಟ್ಟುಕೊಂಡು, ಸರಿಯಾಗಿ ಕೆಲಸಕ್ಕೆ ಹೋಗುತ್ತಿದ್ದ. ಆಸ್ಪತ್ರೆಯಲ್ಲಿ ಆ ಮಾತ್ರೆಯ ಚೀಟಿ ತೋರಿಸಿದ್ದು ನಾನೇ. ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು. "ಇಂಜೆಕ್ಷನ್‌ಗೋಸ್ಕರ ನಾಟಕ" ಅಂದರು. ಪ್ಯಾರಾಸಿಟಮಾಲ್ ಡ್ರಿಪ್ ಹಾಕಿ ಸುಮ್ಮನಾದರು. ದಿನಾ ತೆಗೆದುಕೊಳ್ಳುವ ಮಾತ್ರೆಯನ್ನೂ ನಿಲ್ಲಿಸಿದರು. ಎರಡು ದಿನ ಆಗುವಷ್ಟರಲ್ಲಿ ನೋವಿನ ಜೊತೆ, ಮಾತ್ರೆ ತಪ್ಪಿದ್ದಕ್ಕೆ ಮೂಗು ಸೋರಿಕೆ, ಆಕಳಿಕೆ, ಬೆವರು, ವಾಂತಿ. ಎಕ್ಸ್‌ರೇ ಅಲ್ಲೇ ನೇತಾಡುತ್ತಿತ್ತು ಸಾರ್. ಮೂಳೆ ನಾಟಕ ಆಡುತ್ತಾ?

ಕೊನೆಗೆ ತಿತಿಮತಿ, ಆನೆಚೌಕೂರು ದಾಟಿ ಮೈಸೂರಿಗೆ ಸಾಗಿಸಿದೆವು. ಒಂದೊಂದು ಹಂಪ್‌ಗೂ ಅವನು ಕಿರುಚುತ್ತಿದ್ದ. ಅಲ್ಲಿನ ಅರಿವಳಿಕೆ ವೈದ್ಯರು ತೊಡೆಯ ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅದು ಚಟ ಹಿಡಿಸುವ ಮದ್ದೇ ಅಲ್ಲ. ಸ್ವಲ್ಪ ಹೊತ್ತಿಗೇ ಅವನಿಗೆ ನಿದ್ದೆ ಬಂತು. ನಿಲ್ಲಿಸಿದ್ದ ಮಾತ್ರೆಯನ್ನೂ ಮತ್ತೆ ಶುರು ಮಾಡಿದರು.

ಅವರೇ ನನಗೆ ಬಿಡಿಸಿ ಹೇಳಿದ್ದು: ಇಂಥ ಮದ್ದಿಗೆ ಮೈ ಒಗ್ಗಿದವರಿಗೆ ನೋವಿನ ಮದ್ದಿನ ಮಾಮೂಲಿ ಡೋಸ್ ಸಾಲದು. ನೋವೂ ಜಾಸ್ತಿ ತಾಗಬಹುದು. ದಿನದ ಮಾತ್ರೆ ಚಟಕ್ಕೆ, ಹೊಸ ಗಾಯದ ನೋವಿಗೆ ಬೇರೆಯೇ ಮದ್ದು ಬೇಕು. ಉಸಿರಾಟದ ಮೇಲೆ ಕಣ್ಣಿಟ್ಟು ಕೊಟ್ಟರಾಯಿತು. "ಇನ್ನೂ ನೋಯ್ತಿದೆ" ಅಂದ ಕೂಡಲೇ ಚಟ ಅನ್ನುವುದು ಯಾವ ಲೆಕ್ಕ?

ವೈದ್ಯರನ್ನು ಬೈಯಲು ಬರೆದದ್ದಲ್ಲ. ಅವರಿಗೂ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಭಯ. 2014ರಲ್ಲಿ ಅದಕ್ಕೆ ತಿದ್ದುಪಡಿ ಬಂದದ್ದು ಮಾರ್ಫಿನ್‌ನಂಥ ಬಲವಾದ ನೋವಿನ ಮದ್ದು ರೋಗಿಗಳಿಗೆ ಸುಲಭವಾಗಿ ಸಿಗಲಿ ಅಂತಲೇ ಅಲ್ವಾ? ಆ ಸುದ್ದಿ ನಮ್ಮ ಘಟ್ಟ ಹತ್ತಿದಂತಿಲ್ಲ.

ನಾನು ಕೇಳುವುದು ಹೊಸ ಕಟ್ಟಡವಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿಗೆ ನಿಮ್ಮ ಇಲಾಖೆಯಿಂದ ಒಂದು ಪುಟದ ಸೂಚನೆ, ಕನ್ನಡದಲ್ಲಿ. ಚಟದ ಅನುಮಾನವಿದ್ದರೂ ನೋವಿಗೆ ಮದ್ದು ತಡಮಾಡಬೇಡಿ. ಚಟ ಬಿಡಿಸುವ ಮಾತ್ರೆ ನಿಲ್ಲಿಸುವ ಮೊದಲು ಅದನ್ನು ಬರೆದ ವೈದ್ಯರಿಗೆ ಫೋನ್ ಮಾಡಿ. ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಡಬಲ್ಲವರು ಯಾರು, ಅವರ ನಂಬರ್ ಗೋಡೆ ಮೇಲಿರಲಿ.

ತಮ್ಮ ಈಗ ಕೋಲು ಹಿಡಿದು ಓಡಾಡುತ್ತಾನೆ. ಮತ್ತೆ ಆಸ್ಪತ್ರೆಗೆ ಹೋಗಬೇಕಾದರೆ ಚೀಟಿ ಮನೆಯಲ್ಲೇ ಬಿಟ್ಟು ಬಾ ಅಂತಾನೆ. ಏನು ಹೇಳಲಿ ಅವನಿಗೆ?

ಇಂತಿ,
ತೋಟದ ಕೆಲಸಗಾರನೊಬ್ಬನ ಅಕ್ಕ