ಮರಿ ಜಾಹೀರಾತಲ್ಲಿ ಬಣ್ಣಕ್ಕಿಂತ ಮೊದ್ಲು ಅಪ್ಪ ಅಮ್ಮನ ವಿವರ ಹಾಕ್ಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಕ್ಲಾಸಿಫೈಡ್ಸ್ ಪುಟದಲ್ಲಿ ವರ್ಕಿಂಗ್ ಕಾಕರ್ ಸ್ಪೇನಿಯಲ್ ತಳಿಯ ನಾಯಿ ಮರಿ ಮಾರಾಟಕ್ಕಿದೆ ಅಂತ ಒಂದು ಜಾಹೀರಾತು ನೋಡ್ದೆ. ಗೋಲ್ಡನ್ ಬಣ್ಣ, ಚಾಕೊಲೇಟ್ ಬಣ್ಣ, ವಯಸ್ಸು 40 ದಿನ, ಬೆಂಗಳೂರಲ್ಲಿ ಎಲ್ಲಿದ್ರೂ ಮನೆ ಬಾಗಿಲಿಗೇ ತಂದು ಕೊಡ್ತೀವಿ ಅಂತಿತ್ತು. ಓದಿ ತುಂಬಾ ಸಂಕಟ ಆಯ್ತು, ಅದಕ್ಕೇ ಈ ಪತ್ರ ಬರೀತಿದೀನಿ. 2017ರ ನಾಯಿ ತಳಿ ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿನ ಮಾರೋ ಹಾಗೇ ಇಲ್ಲ, ಅಂದ್ರೆ 56 ದಿನ ಆಗ್ಲೇಬೇಕು. ಅದು ಹಾಗಿರ್ಲಿ, ವರ್ಕಿಂಗ್ ಅನ್ನೋ ಪದ ಹಾಕಿದಾರಲ್ಲ, ಆ ನಾಯಿ ಏನು ಕೆಲಸ ಮಾಡುತ್ತೆ, ಅದರ ಅಪ್ಪ ಅಮ್ಮ ಏನು ಕೆಲಸ ಮಾಡಿದ್ವು ಅಂತ ಒಂದಕ್ಷರನೂ ಇಲ್ಲ.

ಆ ಕೆಲಸ ಏನು ಅಂತ ನಾನು ಕಣ್ಣಾರೆ ನೋಡಿದೀನಿ. ನಮ್ಮಕ್ಕ ಭಾವ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆ ಇದಾರೆ, ಒಂದು ಚಳಿಗಾಲ ಪೂರ್ತಿ ಅವರ ಮನೇಲಿದ್ದೆ. ಅಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಫೆಸೆಂಟ್ ಹಕ್ಕಿ ಬೇಟೆ ಸೀಸನ್. ಭಾವ ಕೈಯಲ್ಲಿ ಕೋವಿ ಹಿಡಿಯಲ್ಲ, ತಮ್ಮ ಕಾಕರ್ ನಾಯಿ ಕರ್ಕೊಂಡು ಪಿಕಿಂಗ್ ಅಪ್‌ಗೆ ಹೋಗ್ತಾರೆ, ಅಂದ್ರೆ ಗುಂಡು ತಗುಲಿ ಬಿದ್ದ ಹಕ್ಕಿನ ಹುಡುಕಿ ತರ್ಸೋ ಕೆಲಸ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು, ಬೇಟೆ ಅಂದ್ರೆ ಮನಸ್ಸಿಗೆ ಹಿಡಿಸಲ್ಲ, ಮೊದಲನೇ ದಿನ ಬರಲ್ಲ ಅಂತಲೇ ಅಂದಿದ್ದೆ. ಆದ್ರೆ ರೆಕ್ಕೆ ಮುರಿದ ಒಂದು ಹಕ್ಕಿ ಓಡಿ ಹೋಗಿ ಮುಳ್ಳಿನ ಪೊದೆ ಸೇರಿತ್ತು, ಮನುಷ್ಯರಿಗೆ ಯಾರಿಗೂ ಕಾಣ್ತಿರ್ಲಿಲ್ಲ, ಈ 12 ಕೆ.ಜಿ. ನಾಯಿ ಹೊಟ್ಟೆ ನೆಲಕ್ಕೆ ತಾಗಿಸ್ಕೊಂಡು ಒಳಗೆ ನುಗ್ಗಿ ಎರಡೇ ನಿಮಿಷದಲ್ಲಿ ಅದನ್ನ ಮೆತ್ತಗೆ ಬಾಯಲ್ಲಿ ಹಿಡ್ಕೊಂಡು ಬಂದು ಭಾವನ ಕೈಗೆ ಕೊಡ್ತು. ನಾಯಿ ಇಲ್ದೆ ಇದ್ದಿದ್ರೆ ಆ ಹಕ್ಕಿ ಅಲ್ಲೇ ರಾತ್ರಿಯೆಲ್ಲಾ ನರಳ್ತಾ ಸಾಯ್ತಿತ್ತು. ಬೇಟೆ ಬಗ್ಗೆ ನನ್ನ ಅಭಿಪ್ರಾಯ ಬದಲಾಗ್ಲಿಲ್ಲ, ಆದ್ರೆ ಆ ನಾಯಿ ಬಗ್ಗೆ ಬಂದ ಗೌರವ ಇವತ್ತಿಗೂ ಹಾಗೇ ಇದೆ.

ಕಾಕರ್ ಅನ್ನೋ ಹೆಸರೇ ವುಡ್‌ಕಾಕ್ ಅನ್ನೋ ಹಕ್ಕಿಯಿಂದ ಬಂದಿದ್ದು, ದಟ್ಟ ಪೊದೆಯೊಳಗೆ ನುಗ್ಗಿ ಅದನ್ನ ಎಬ್ಬಿಸೋಕೆ ಅಂತಲೇ ಮಾಡಿದ ಸಣ್ಣ ಸ್ಪೇನಿಯಲ್ ಇದು. ಸುಮ್ನೆ ಕೂತಿದ್ದು ದೂರ ಬಿದ್ದಿದ್ದನ್ನ ತರೋಕೆ ಲ್ಯಾಬ್ರಡಾರ್ ಇದೆ, ಬಯಲಲ್ಲಿ ದೂರದೂರಕ್ಕೆ ಓಡಿ ಹಕ್ಕಿ ಇರೋ ಜಾಗ ತೋರ್ಸೋಕೆ ಪಾಯಿಂಟರ್ ಇದೆ. ಕಾಕರ್ ಹಾಗಲ್ಲ, ಯಜಮಾನನ ಮುಂದೆ ಇಪ್ಪತ್ತು ಇಪ್ಪತ್ತೈದು ಗಜದೊಳಗೇ ಎಡಕ್ಕೆ ಬಲಕ್ಕೆ ತಿರುಗ್ತಾ ಮೂಸ್ಕೊಂಡು ಹೋಗ್ಬೇಕು, ಅದಕ್ಕಿಂತ ದೂರ ಹೋದ್ರೆ ಹಕ್ಕಿ ಕೋವಿಯ ಅಳತೆಗೇ ಸಿಗಲ್ಲ, ಹಕ್ಕಿ ಹಾರಿದ ಕೂಡ್ಲೇ ಅಟ್ಟಿಸ್ಕೊಂಡು ಹೋಗ್ದೆ ಅಲ್ಲೇ ಕೂತ್ಬಿಡ್ಬೇಕು. ನಾಯಿಗಳ ಅಂದದ ಷೋಗೆ ಸಾಕೋ ಕಾಕರ್‌ದೂ ಇದ್ರದ್ದೂ ತಳಿ ಹೆಸರು ಒಂದೇ, ಆದ್ರೆ ಸಾಕಿದ ದಾರಿ ಬೇರೆ ಬೇರೆ. ಷೋ ನಾಯಿಗೆ ಉದ್ದ ಕಿವಿ, ನೆಲ ಗುಡಿಸೋ ಕೂದ್ಲು. ಕೆಲಸದ ನಾಯಿಗೆ ಕಿವಿ ಗಿಡ್ಡ, ಕೂದ್ಲು ಕಮ್ಮಿ, ಮೈ ಹಗುರ, ತಲೇಲಿ ಮಾತ್ರ ಇಪ್ಪತ್ನಾಲ್ಕು ಗಂಟೆ ಒಂದು ಮೋಟಾರು ಓಡ್ತಾನೇ ಇರುತ್ತೆ.

ಭಾವ ಮರಿ ಆರಿಸಿದ ಕಥೆ ಹೇಳ್ಬೇಕು. ಅವರು ಮರಿ ನೋಡೋಕ್ ಮುಂಚೆ ತಾಯಿನ ನೋಡಿದ್ರು, ಅದೂ ಮನೇಲಲ್ಲ, ಹೊಲದಲ್ಲಿ ಕೆಲಸ ಮಾಡೋವಾಗ, ಹೆಚ್ಚುಕಮ್ಮಿ ಒಂದು ವರ್ಷ ಮುಂಚೆನೇ. ಅದು ಕೆಲಸದ ಮಧ್ಯೆ ಕುಂಯ್‌ಗುಡುತ್ತಾ, ಹಕ್ಕಿನ ಬಾಯಲ್ಲಿ ಗಟ್ಟಿಯಾಗಿ ಕಚ್ಚುತ್ತಾ ಅಂತ ನೋಡ್ತಿದ್ರು, ಯಾಕಂದ್ರೆ ಈ ಎರಡು ಚಾಳಿ ಮರಿಗಳಿಗೂ ಇಳಿದು ಬರುತ್ತೆ ಅಂತ ಗನ್‌ಡಾಗ್ (ಕೋವಿ ಬೇಟೆಗೆ ನೆರವಾಗೋ ನಾಯಿ) ಸಾಕೋರೆಲ್ಲಾ ಹೆದರ್ತಾರೆ, ಫೀಲ್ಡ್ ಟ್ರಯಲ್ ಅನ್ನೋ ಈ ನಾಯಿಗಳ ಕೆಲಸದ ಸ್ಪರ್ಧೇಲಿ ಎರಡರಲ್ಲಿ ಒಂದಿದ್ರೂ ನಾಯಿನ ಆಚೆ ಕಳಿಸ್ತಾರೆ. ವಂಶಾವಳಿ ಪತ್ರದಲ್ಲಿ ಚಾಂಪಿಯನ್‌ಗಳ ಹೆಸರನ್ನ ಕೆಂಪಕ್ಷರದಲ್ಲಿ ಹಾಕಿರ್ತಾರೆ, ಕೆಂಪು ಜಾಸ್ತಿ ಇದ್ರೆ ಒಳ್ಳೇದು ಅಂತ ನಾನಂದ್ಕೊಂಡಿದ್ದೆ. ಭಾವ ಬೇಡ ಅಂದ್ರು. ಮೊದಲನೇ ಸಲ ತರಬೇತಿ ಕೊಡೋನಿಗೆ ಅಂಥ ಬಿಸಿರಕ್ತದ ನಾಯಿ ಕೈಗೆ ಸಿಗಲ್ಲ, ತಾಳ್ಮೆ ಇರೋ ತಾಯಿ ಮರಿನೇ ಸಾಕು ಅಂತ, ವಾರಾವಾರ ಬೇಟೆಯಲ್ಲಿ ಪೊದೆ ಬಡಿದು ಹಕ್ಕಿ ಎಬ್ಬಿಸೋಕೆ ಹೋಗೋ ಒಬ್ಬ ಸಾಮಾನ್ಯ ರೈತನ ನಾಯಿಯ ಮರಿ ತಂದ್ರು. ಅದೂ ಎಂಟು ವಾರ ತುಂಬಿದ ಮೇಲೆ. ಕೂತ್ಕೋ ಅಂದ್ರೆ ಕೂರೋದು, ಉದ್ದ ಸೀಟಿ ಊದಿದ್ರೆ ಎಲ್ಲಿದ್ರೂ ನಿಲ್ಲೋದು, ಇವೆರಡು ಪಕ್ಕಾ ಆಗೋವರೆಗೂ ಅದಕ್ಕೆ ಒಂದು ಹಕ್ಕಿನೂ ತೋರಿಸ್ಲಿಲ್ಲ.

ಇದಕ್ಕೆಲ್ಲ ಮುಂಚೆ ಅವರು ಕೇಳಿದ್ದು ಡಿಎನ್‌ಎ ಟೆಸ್ಟ್ ರಿಪೋರ್ಟು. ಈ ತಳೀಲಿ ಕಣ್ಣಿನ ಪರದೆ ನಿಧಾನಕ್ಕೆ ಸತ್ತು ಕುರುಡಾಗೋ ಪಿಆರ್‌ಎ ಅನ್ನೋ ಕಾಯಿಲೆ ಇದೆ, ಎರಡು ವರ್ಷ ತುಂಬೋದ್ರೊಳಗೆ ಕಿಡ್ನಿ ಕೈಕೊಡೋ ಒಂದು ಕಾಯಿಲೆ ಇದೆ, ನೋವೇ ಗೊತ್ತಾಗ್ದೆ ಮರಿ ತನ್ನ ಪಾದ ತಾನೇ ಕಚ್ಕೊಳ್ಳೋ ಇನ್ನೊಂದಿದೆ. ಮೂರೂ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಬರೋದು, ಅಂದ್ರೆ ಇಬ್ಬರಲ್ಲಿ ಒಬ್ಬರು ಟೆಸ್ಟಲ್ಲಿ ಕ್ಲಿಯರ್ ಇದ್ರೂ ಸಾಕು, ಮರಿ ಬಚಾವ್.

ನಾನು ಇದ್ಯಾವುದೂ ಗೊತ್ತಿಲ್ಲದ ಕಾಲದಲ್ಲಿ, ಭಾವನ ಮನೆಗೆ ಹೋಗೋಕೆ ಎಷ್ಟೋ ವರ್ಷ ಮುಂಚೆ, ಇದೇ ಊರಲ್ಲಿ ಫೋನಲ್ಲಿ ಫೋಟೋ ನೋಡಿ ದುಡ್ಡು ಹಾಕಿ ಒಂದು ಕಾಕರ್ ಮರಿ ತಂದಿದ್ದೆ. ಬಂಗಾರಿ ಅಂತ ಹೆಸರಿಟ್ಟಿದ್ವಿ. ಐದು ವರ್ಷ ತುಂಬಿದ ಮೇಲೆ ಸಂಜೆ ಹೊತ್ತು ಮೆಟ್ಟಿಲ ಹತ್ರ ನಿಂತ್ಬಿಡೋಳು, ಇಳೀತಿರ್ಲಿಲ್ಲ, ಹಠ ಅಂದ್ಕೊಂಡು ಬೈದೆ. ಆಮೇಲೆ ಡಾಕ್ಟ್ರು ಟಾರ್ಚ್ ಹಾಕಿ ನೋಡಿ ಪಿಆರ್‌ಎ ಅಂದ್ರು, ಇದಕ್ಕೆ ಔಷಧಿ ಇಲ್ಲ ಅಂದ್ರು. ಬೈದಿದ್ದು ಇವತ್ತಿಗೂ ಚುಚ್ಚುತ್ತೆ. ಮಾರಿದವರಿಗೆ ಫೋನ್ ಮಾಡಿದ್ರೆ ಟೆಸ್ಟಾ, ಅದೆಲ್ಲಾ ಫಾರಿನ್‌ನಲ್ಲಿ ಸಾರ್ ಅಂತ ಇಟ್ರು. ಪೂರ್ತಿ ಕಣ್ಣು ಹೋದ ಮೇಲೂ ಬಂಗಾರಿ ಪಾರ್ಕಿನ ಹುಲ್ಲಲ್ಲಿ ಬಚ್ಚಿಟ್ಟ ಚೆಂಡನ್ನ ಮೂಗಿಂದಲೇ ಹುಡುಕಿ ತಂದು ಕೊಡ್ತಿದ್ಲು, ಬಾಲ ಆಡಿಸ್ತಿದ್ದ ರೀತಿ ನೋಡಿದ್ರೆ ಕಣ್ಣಿಲ್ಲ ಅಂತ ಯಾರೂ ಹೇಳ್ತಿರ್ಲಿಲ್ಲ.

ಹಾಗಾದ್ರೆ ಬೆಂಗಳೂರಲ್ಲಿ ವರ್ಕಿಂಗ್ ಕಾಕರ್ ಸಾಕಲೇಬಾರದಾ? ನಾನು ಹಾಗೆ ಹೇಳ್ತಿಲ್ಲ. ಕೋವಿ ಇಲ್ಲದಿದ್ರೂ ಆ ಮೂಗಿಗೆ ಕೆಲಸ ಕೊಡ್ಬಹುದು, ಇಂಗ್ಲೆಂಡಲ್ಲಿ ಇದೇ ತಳಿ ನಾಯಿಗಳು ಪೊಲೀಸರ ಜೊತೆ ಡ್ರಗ್ಸ್, ಸ್ಫೋಟಕ ಹುಡುಕ್ತವೆ, ರೋಗದ ವಾಸನೆ ಹಿಡಿಯೋಕೂ ಕಲಿಸಿದಾರೆ. ಇಲ್ಲಿ ನಾವು ಹಕ್ಕಿ ಬದಲು ಕ್ಯಾನ್ವಾಸ್ ಬಟ್ಟೆಯ ಡಮ್ಮಿ ಬಚ್ಚಿಟ್ಟು ಹುಡುಕಿಸ್ಬಹುದು, ಬೆಳಗಿನ ಜಾವ ಒಂದು ಗಂಟೆ, ಸಂಜೆ ಅರ್ಧ ಗಂಟೆ, ದಿನಾ, ಮಳೆ ಬಂದ್ರೂ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಓಡಿಸ್ಬೇಡಿ, ಈ ನಾಯಿಗೆ ಸುಸ್ತಾಯ್ತು ಅಂತ ನಿಲ್ಲೋಕೇ ಬರಲ್ಲ. ವಾಕಿಂಗ್‌ನಿಂದ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದೀಲಿ ಉಣ್ಣೆ ಹುಳ (ಟಿಕ್) ಇದೆಯಾ ನೋಡಿ, ಟಿಕ್ ಫೀವರ್ ಈ ಊರಲ್ಲಿ ಮಾಮೂಲಿ. ಇದಕ್ಕೆ ಟೈಮ್ ಇಲ್ಲದೋರು, ದಿನಕ್ಕೆ ಹತ್ತು ಗಂಟೆ ಫ್ಲ್ಯಾಟಿಗೆ ಬೀಗ ಹಾಕ್ಕೊಂಡು ಹೋಗೋರು ದಯವಿಟ್ಟು ಈ ತಳಿ ತಗೋಬೇಡಿ, ಕೆಲಸ ಇಲ್ದಿದ್ರೆ ಅದು ಸೋಫಾ ಹರಿಯುತ್ತೆ, ಆಮೇಲೆ ಅದನ್ನ ಕೆಟ್ಟ ನಾಯಿ ಅಂತ ರಸ್ತೆಗೆ ಬಿಡ್ತಾರೆ.

ಇನ್ನೊಂದು ವಿಷಯ. ವೀಕೆಂಡಲ್ಲಿ ಹೆಸರಘಟ್ಟದ ಹುಲ್ಲುಗಾವಲಿಗೆ ಕರ್ಕೊಂಡು ಹೋಗಿ ನಾಯಿ ಬಿಡೋರನ್ನ ನೋಡಿದೀನಿ. ಗೌಜಲಕ್ಕಿ, ಟಿಟ್ಟಿಭ ಎಲ್ಲಾ ಅಲ್ಲಿ ನೆಲದ ಮೇಲೇ ಮೊಟ್ಟೆ ಇಡೋದು, ಹುಲ್ಲಲ್ಲಿ ಅಡಗಿರೋ ಹಕ್ಕಿನ ಎಬ್ಬಿಸೋಕಂತಲೇ ನೂರಾರು ವರ್ಷ ತಯಾರು ಮಾಡಿದ ಮೂಗು ಇದು, ಅಲ್ಲಿ ಒಂದು ಸಲ ಬಿಟ್ರೆ ಎಷ್ಟು ಗೂಡು ಹಾಳಾಗುತ್ತೆ ಯೋಚಿಸಿ. ನಾಯಿದೇನೂ ತಪ್ಪಿಲ್ಲ, ಬೆಲ್ಟ್ ಬಿಚ್ಚಿದೋರದ್ದು.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಮರಿ ಮಾರಾಟದ ಜಾಹೀರಾತು ತಗೊಳ್ಳೋವಾಗ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ನಂಬರ್ ಕೇಳಿ, 2017ರ ನಿಯಮದಲ್ಲಿ ಆ ನೋಂದಣಿ ಕಡ್ಡಾಯ. ಎಂಟು ವಾರ ಆಗದ ಮರಿ ಜಾಹೀರಾತು ವಾಪಸ್ ಕಳಿಸಿ. ಅಪ್ಪ ಅಮ್ಮನ ಕಣ್ಣಿನ ಟೆಸ್ಟ್ ಆಗಿದೆಯಾ ಇಲ್ವಾ ಅಂತ ಒಂದು ಸಾಲು ಹಾಕ್ಸಿ. ಆ ಸಾಲಿನ ದುಡ್ಡು ಮಾರೋರು ಕೊಡಲ್ಲ ಅಂದ್ರೆ ಓದುಗನಾಗಿ ನಾನೇ ಕೊಡೋಕೆ ರೆಡಿ ಇದೀನಿ.

ಇಂತಿ,
ನಿಮ್ಮ ಓದುಗ
ಮಲ್ಲೇಶ್ವರಂ, ಬೆಂಗಳೂರು